ಟಾರ್ಪೆಡೊ ತಾಗಲೇ ಇಲ್ಲ, ಹಡಗು ಎರಡು ತುಂಡಾಯಿತು!

ಪ್ರಶ್ನೆ: ಆಸ್ಟ್ರೇಲಿಯಾದವರು ತಮ್ಮದೇ ಹಳೇ ಯುದ್ಧನೌಕೆಯನ್ನು ಟಾರ್ಪೆಡೊದಿಂದ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಮುಳುಗಿಸುವ ವಿಡಿಯೊ ನೋಡಿದೆ. ಟಾರ್ಪೆಡೊ ಬಂದು ಬಡಿದ ಹಾಗೇ ಕಾಣಲಿಲ್ಲ. ಕೆಳಗಿಂದ ನೀರು ಚಿಮ್ಮಿತು, ಹಡಗಿನ ಸೊಂಟ ಮುರಿಯಿತು. ಗುರಿ ತಪ್ಪಿತಾ? ನಮ್ಮಲ್ಲೂ ಇಂಥದ್ದು ಇದೆಯಾ?

ಉತ್ತರ: ಗುರಿ ಸರಿಯಾಗೇ ಇತ್ತು. ನೀವು ನೋಡಿದ್ದು 1999ರ ಜೂನ್‌ನಲ್ಲಿ ಫಾರ್ನ್‌ಕಾಂಬ್ ಎಂಬ ಸಬ್‌ಮರೀನ್ ‘ಟಾರೆನ್ಸ್’ ಹಡಗಿಗೆ ಮಾರ್ಕ್ 48 ಎಂಬ ಟಾರ್ಪೆಡೊ ಬಿಟ್ಟಿದ್ದು ಇರಬೇಕು. 533 ಮಿ.ಮೀ. ದಪ್ಪ, ಒಂದೂವರೆ ಟನ್‌ಗಿಂತ ಜಾಸ್ತಿ ತೂಕ, ತಲೆಯಲ್ಲಿ ಸುಮಾರು 300 ಕೆ.ಜಿ. ಸ್ಫೋಟಕ. ಅದು ಹಡಗಿನ ಅಡಿಗೆ ನುಸುಳಿ ಅಲ್ಲೇ ಸಿಡಿಯುತ್ತದೆ. ಬೇಕೆಂದೇ.

ಪಕ್ಕಕ್ಕೆ ಹೊಡೆದರೆ ತೂತು ಬೀಳುತ್ತದೆ, ಅಷ್ಟೇ. ನೀರು ಹರಡದಂತೆ ಒಳಗಿನ ಬಾಗಿಲು ಮುಚ್ಚಿಕೊಂಡು ಹಡಗು ಹೇಗೋ ದಡ ಸೇರಲೂಬಹುದು. ಅಡಿಯಲ್ಲಿ ಸಿಡಿದರೆ ಕತೆಯೇ ಬೇರೆ. ಮೊದಲು ಆಘಾತದ ಅಲೆ, ಹಿಂದೆಯೇ ದೊಡ್ಡದೊಂದು ಅನಿಲದ ಗುಳ್ಳೆ. ಅದು ಉಬ್ಬುತ್ತಾ ಹಡಗಿನ ನಡುವನ್ನು ಮೇಲಕ್ಕೆತ್ತುತ್ತದೆ, ಮರುಕ್ಷಣ ಕುಸಿದಾಗ ನಡುವಿಗೆ ಕೆಳಗಿನ ಆಸರೆಯೇ ಇಲ್ಲದೆ ಹಡಗು ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ಅಷ್ಟರಲ್ಲಿ ಕುಸಿದ ಗುಳ್ಳೆಯೊಳಗಿಂದ ನೀರಿನ ಧಾರೆ ಮೇಲಕ್ಕೆ ಗುದ್ದುತ್ತದೆ. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗಿಟ್ಟು ಲಟಕ್ಕನೆ ಮುರಿಯುತ್ತೇವಲ್ಲ, ಹಾಗೆ. ಅರ್ಧ ಕೆಲಸ ಮಾಡುವುದು ಬಾಂಬಲ್ಲ, ನೀರು.

2010ರ ಮಾರ್ಚ್ 26ರಂದು ದಕ್ಷಿಣ ಕೊರಿಯಾದ ಯುದ್ಧನೌಕೆ ‘ಚಿಯೊನಾನ್’ ಹೀಗೇ ಎರಡಾಗಿ 46 ನಾವಿಕರು ಸತ್ತರು. ತನಿಖೆಯವರು ತುಂಡಾದ ವೈರುಗಳನ್ನು ನೋಡಿದರೆ ಕರಗಿದ ಗುರುತೇ ಇಲ್ಲ. ಬೆಂಕಿಯಲ್ಲ, ಒತ್ತಡ ಎಂದು ಅಲ್ಲೇ ಸುಳಿವು ಸಿಕ್ಕಿತು. ಆಮೇಲೆ ಮೀನಿನ ಬಲೆಯಲ್ಲಿ ಟಾರ್ಪೆಡೊದ ಪ್ರೊಪೆಲ್ಲರ್ ಮೇಲೆ ಬಂತು, ಜೊತೆಗೆ ನೀಲಿ ಶಾಯಿಯಲ್ಲಿ ‘1ನೇ ನಂಬರ್’ ಎಂದು ಕೊರಿಯನ್‌ನಲ್ಲಿ ಬರೆದ ಭಾಗ. ತನಿಖೆ ಉತ್ತರ ಕೊರಿಯಾದತ್ತ ಬೆರಳು ತೋರಿಸಿತು, ಅದು ಇವತ್ತಿಗೂ ತನ್ನದಲ್ಲ ಅನ್ನುತ್ತದೆ.

ಈ ಉಪಾಯ ಹಳೆಯದೇ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಕಬ್ಬಿಣ ಹತ್ತಿರ ಬಂದದ್ದನ್ನು ಕಾಂತದಿಂದ ಗ್ರಹಿಸಿ ಟಾರ್ಪೆಡೊ ಸಿಡಿಸುವ ಸಾಧನವನ್ನು ಅಮೆರಿಕದವರು ಮಾಡಿದ್ದರು, ಆದರೆ ಅದು ಒಮ್ಮೆ ಮೊದಲೇ ಸಿಡಿಯುವುದು, ಒಮ್ಮೆ ಸಿಡಿಯದೇ ಇರುವುದು. 1943ರಲ್ಲಿ ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಬೇಸತ್ತು ಅದನ್ನು ಬಂದ್ ಮಾಡಿಸಿದರು.

ಇನ್ನು ನಮ್ಮದು. ವಿಶಾಖಪಟ್ಟಣದ ಎನ್‌ಎಸ್‌ಟಿಎಲ್ (ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ) ರೂಪಿಸಿದ ‘ವರುಣಾಸ್ತ್ರ’ ಇದೆ, ಸುಮಾರು 250 ಕೆ.ಜಿ. ಸಿಡಿತಲೆಯದು, ಆದರೆ ಅದು ಮುಖ್ಯವಾಗಿ ಹಡಗಿನಿಂದ ಬಿಡುವಂಥದ್ದು. ನಮ್ಮ ನೌಕಾಪಡೆಯ ಕಲ್ವರಿ ಮಾದರಿಯ ಸಬ್‌ಮರೀನ್‌ಗಳಿಗೆಂದು ಡಿಆರ್‌ಡಿಒ ಬೇರೆಯದೇ ಭಾರೀ ಟಾರ್ಪೆಡೊ ಮಾಡುತ್ತಿದೆ. ಅದನ್ನು ಅವುಗಳಲ್ಲಿ ಅಳವಡಿಸಲು 2024ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ನೇವಲ್ ಗ್ರೂಪ್ ಕಂಪನಿ ಜೊತೆ ಸುಮಾರು 877 ಕೋಟಿ ರೂಪಾಯಿಯ ಒಪ್ಪಂದ ಆಗಿದೆ. ಸುಮ್ನೆ ಕೊಳವೆಗೆ ತುರುಕಿದರೆ ಆಗುವುದಿಲ್ಲ, ಸಬ್‌ಮರೀನ್‌ನ ಕಂಪ್ಯೂಟರ್ ಜೊತೆ ಅದು ಮಾತಾಡಬೇಕಲ್ವಾ?