ಸ್ಲೋ ಕುಕರ್‌ನಲ್ಲಿ ನಮ್ಮ ಸಾರು, ಹುಳಿ, ಪಲ್ಯ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಡಲ್ಲಾಸ್‌ಗೆ ಬಂದು ಆರು ತಿಂಗಳಾಯಿತು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಸಂಜೆ ಬಾಗಿಲು ತೆಗೆಯುವಷ್ಟರಲ್ಲಿ ಮಕ್ಕಳು ಹಸಿವು ಹಸಿವು ಅಂತಾರೆ. ಬೆಳಿಗ್ಗೆ ಎಲ್ಲ ಹಾಕಿ ಹೋದರೆ ಸಂಜೆಗೆ ಊಟ ತಯಾರಾಗಿರುತ್ತೆ ಅಂತ ಆಫೀಸಿನಲ್ಲಿ ಯಾರೋ ಸ್ಲೋ ಕುಕರ್, ಅಂದರೆ ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಪಾತ್ರೆ, ತಗೊಳ್ಳಿ ಅಂದರು. ನಮ್ಮ ಅಡುಗೆಗೆ ಅದು ಆಗುತ್ತಾ, ಸುಮ್ನೆ ದುಡ್ಡು ದಂಡಾನಾ?

ಅರ್ಧ ಆಗುತ್ತೆ. ಯಾವ ಅರ್ಧ ಅಂತ ನನಗೆ ಗೊತ್ತಾಗಲು ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ನಾನು ಹಾಸನದ ಕಡೆಯವನು. ಶಿಕಾಗೋ ಪಕ್ಕದ ಊರಿಗೆ ಬಂದು ಹನ್ನೊಂದು ವರ್ಷ. ಹೆಂಡತಿಗೆ ವಾರದಲ್ಲಿ ಮೂರು ದಿನ ಸಂಜೆ ಪಾಳಿ, ಆ ಮೂರು ದಿನ ಅಡುಗೆ ನನ್ನದು. ಹಳೆ ಸಾಮಾನಿನ ಅಂಗಡಿಯಲ್ಲಿ ಹತ್ತು ಡಾಲರಿಗೆ ಒಂದು ಸ್ಲೋ ಕುಕರ್ ಸಿಕ್ಕಿತು. ಮೊದಲ ದಿನವೇ ಭಾರಿ ಉತ್ಸಾಹ. ಬೆಳಿಗ್ಗೆ ತೊಗರಿಬೇಳೆ, ಟೊಮೇಟೊ, ಹುಣಸೆಹಣ್ಣಿನ ರಸ, ಸಾರಿನಪುಡಿ, ಉಪ್ಪು ಎಲ್ಲ ಒಟ್ಟಿಗೆ ಸುರಿದು ಲೋ ಮೇಲೆ ಇಟ್ಟು ಹೋದೆ. ಸಂಜೆ ಆರೂವರೆಗೆ ಬಂದು ಮುಚ್ಚಳ ತೆಗೆದರೆ ಮೇಲೆ ಕೆಂಪು ನೀರು, ಕೆಳಗೆ ಕಲ್ಲಿನಂಥ ಬೇಳೆ. ಅವತ್ತು ಎಲ್ಲರಿಗೂ ಮೊಸರನ್ನ.

ತಪ್ಪು ಕುಕರಿನದಲ್ಲ, ನನ್ನದು. ಹುಳಿ ಬಿದ್ದ ಮೇಲೆ ಬೇಳೆ, ಕಾಳು ಬೇಗ ಬೇಯಲ್ಲ. ಪ್ರೆಶರ್ ಕುಕರಿನಲ್ಲಿ ಒತ್ತಡಕ್ಕೆ ನೀರು 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತೆ, ಅಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತೆ. ಸ್ಲೋ ಕುಕರ್ ನೂರರ ಒಳಗೇ ಇರುತ್ತೆ. ಹೈ ಅಂದರೆ ಜಾಸ್ತಿ ಬಿಸಿ, ಲೋ ಅಂದರೆ ಕಡಿಮೆ ಬಿಸಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಎರಡೂ ಕೊನೆಗೆ ಮುಟ್ಟುವುದು ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಅದೇ ಬಿಸಿಯನ್ನು. ಹೈ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟುತ್ತೆ, ಲೋ ಏಳೆಂಟು ಗಂಟೆ ತಗೊಳ್ಳುತ್ತೆ. ಅಷ್ಟೇ ವ್ಯತ್ಯಾಸ.

ಹಾಗಾಗಿ ಬೇಳೆ ಸಾರಿಗೆ ಇದು ಬೇಡವೇ ಬೇಡ. ಪ್ರೆಶರ್ ಕುಕರಿನಲ್ಲಿ ಮೂರು ವಿಷಲ್, ಒಂದು ಒಗ್ಗರಣೆ, ಮುಗೀತು. ಇಪ್ಪತ್ತು ನಿಮಿಷದ ಕೆಲಸವನ್ನು ಎಂಟು ಗಂಟೆ ಎಳೆಯುವುದರಲ್ಲಿ ಏನು ಅರ್ಥ? ಪಲ್ಯಕ್ಕೂ ಬೇಡ. ಹಬೆ ಹೊರಗೆ ಹೋಗದೆ ತರಕಾರಿ ನೀರು ಬಿಟ್ಟುಕೊಂಡು ಗೊಜ್ಜಾಗಿ ಕೂತಿರುತ್ತೆ. ಬೆಂಡೆಕಾಯಿಯನ್ನಂತೂ ಅದರ ಹತ್ತಿರಕ್ಕೂ ತರಬೇಡಿ. ಸೊಪ್ಪು ಕಪ್ಪಾಗುತ್ತೆ. ಅಂಗಡಿಯಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಫ್ರೋಜನ್ ಸಿಗುತ್ತಲ್ಲ, ನಾವು ಅವರೆಕಾಳು ಅಂತ ಸಮಾಧಾನ ಮಾಡಿಕೊಳ್ಳೋದು, ಅದು ಒಲೆ ಮೇಲೆ ಹದಿನೈದು ನಿಮಿಷಕ್ಕೆ ಬೆಂದುಬಿಡುತ್ತೆ. ಅದಕ್ಕೂ ಬೇಡ.

ಹಾಗಾದರೆ ಯಾವುದಕ್ಕೆ? ನನಗೆ ಇದು ಹೊಳೆದದ್ದು ಹುರುಳಿಕಾಳಿನಿಂದ. ನಮ್ಮ ಅಜ್ಜಿ ರಾತ್ರಿ ಊಟ ಮುಗಿದ ಮೇಲೆ ಹುರುಳಿಯ ಮಡಕೆಯನ್ನು ಒಲೆ ಮೇಲಿಟ್ಟು, ಉರಿ ಆರಿಸಿ, ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದರು. ಬೆಳಗಿನ ಹೊತ್ತಿಗೆ ಕಾಳು ಬೆಣ್ಣೆಯಂತಾಗಿರುತ್ತಿತ್ತು. ಕಟ್ಟು ನಮಗೆ, ಕಾಳು ಎತ್ತಿಗೆ. ಆ ಬೂದಿ ಮುಚ್ಚಿದ ಕೆಂಡವೇ ಸ್ಲೋ ಕುಕರ್. ಕೆಂಡದ ಬದಲು ಸುಮಾರು 200 ವ್ಯಾಟಿನ ತಂತಿ ಸುರುಳಿ, ಮಡಕೆಯ ಬದಲು ಪಿಂಗಾಣಿ ಪಾತ್ರೆ.

ಇದು ಹುಟ್ಟಿದ್ದೂ ಇಂಥದೇ ಒಂದು ಒಲೆಯ ಕಥೆಯಿಂದ. ಶಿಕಾಗೋದಲ್ಲಿ ಇರ್ವಿಂಗ್ ನ್ಯಾಕ್ಸನ್ ಅಂತ ಒಬ್ಬರಿದ್ದರು. ಅವರ ತಾಯಿ ಲಿಥುವೇನಿಯಾದ ಯಹೂದಿ ಮನೆತನದವರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅದಕ್ಕೆ ಮಾಂಸ, ಕಾಳು, ಗೆಡ್ಡೆ ತುಂಬಿದ ಮಡಕೆಯನ್ನು ಸಂಜೆಯೇ ಊರಿನ ಬೇಕರಿಗೆ ಕೊಟ್ಟು ಬರುವುದು. ಆರುತ್ತಿರುವ ಭಟ್ಟಿಯ ಬಿಸಿಯಲ್ಲಿ ಅದು ರಾತ್ರಿಯೆಲ್ಲ ಬೇಯುವುದು. ಚೋಲೆಂಟ್ ಅಂತಾರೆ ಆ ಅಡುಗೆಗೆ. ತಾಯಿ ಹೇಳಿದ ಈ ಕಥೆ ಕೇಳಿ ನ್ಯಾಕ್ಸನ್ ವಿದ್ಯುತ್ತಿನ ಮಡಕೆ ಮಾಡಿದರು. ಅದಕ್ಕೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ರೈವಲ್ ಅನ್ನುವ ಕಂಪನಿ ಅವರ ಕಂಪನಿಯನ್ನು ಕೊಂಡು 1971ರಲ್ಲಿ ಕ್ರಾಕ್‌ಪಾಟ್ ಅಂತ ಹೆಸರಿಟ್ಟು ಮಾರಿತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋಗಲು ಶುರುಮಾಡಿದ ಕಾಲ ಅದು. ನೀವು ಇವತ್ತು ಕೇಳುತ್ತಿರುವ ಪ್ರಶ್ನೆಯನ್ನೇ ಇಟ್ಟುಕೊಂಡು ಅವತ್ತು ಅದನ್ನು ಮಾರಿದರು ಅನ್ನಿ.

ಈಗ ಹುರುಳಿ. ಎರಡು ಲೋಟ ಕಾಳನ್ನು ರಾತ್ರಿ ನೆನೆಸಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆ ಮೇಲೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ನೀವು ಹಲ್ಲುಜ್ಜುವಷ್ಟರಲ್ಲಿ ಆಗುತ್ತೆ. ಆಮೇಲೆ ಕುದಿಯುವ ನೀರಿನ ಸಮೇತ ಸ್ಲೋ ಕುಕರಿಗೆ. ಕಾಳಿನ ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ಲೋ ಮೇಲೆ ಒಂಬತ್ತು ಗಂಟೆ. ಸಂಜೆ ಕಟ್ಟು ಬಸಿದು, ಅದಕ್ಕೆ ಹುಣಸೆರಸ, ಉಪ್ಪು, ರುಬ್ಬಿದ ಖಾರ ಹಾಕಿ ಒಲೆ ಮೇಲೆ ಒಂದು ಕುದಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಕಾಳಿಗೆ ಕಾಯಿತುರಿ ಹಾಕಿದರೆ ಪಲ್ಯವೂ ಆಯಿತು. ಮುದ್ದೆ ಮಾತ್ರ ಆಗಲೇ ತೊಳಸಬೇಕು. ಇಷ್ಟಕ್ಕೆ ನನಗೆ ಇಪ್ಪತ್ತೈದು ನಿಮಿಷ.

ಹತ್ತು ನಿಮಿಷ ಕುದಿಸೋದು ಯಾಕೆ ಅಂತ ಕೇಳಬಹುದು. ಹುರುಳಿಗೆ ಅದು ನನ್ನ ಅಭ್ಯಾಸ. ರಾಜ್ಮಾಕ್ಕೆ ಮಾತ್ರ ಕುದಿಸದೆ ಬಿಡುವ ಹಾಗೇ ಇಲ್ಲ, ದಯವಿಟ್ಟು ಇದೊಂದನ್ನು ಮರೆಯಬೇಡಿ. ಹಸಿ ರಾಜ್ಮಾದಲ್ಲಿ ಒಂದು ನಂಜಿನ ಅಂಶ ಇರುತ್ತೆ. ಜೋರಾಗಿ ಕುದಿಸಿದರೆ ನಾಶವಾಗುತ್ತೆ. ಸುಮಾರು 80 ಡಿಗ್ರಿಯಲ್ಲಿ ಅರೆಬರೆ ಬೆಂದರೆ ಹೋಗುವ ಬದಲು ಇನ್ನೂ ಹೆಚ್ಚಾಗುತ್ತೆ. ಸ್ಲೋ ಕುಕರ್ ಬಹಳ ಹೊತ್ತು ಆ ಬಿಸಿಯ ಆಸುಪಾಸಿನಲ್ಲೇ ಇರುತ್ತಲ್ಲ, ಅಪಾಯ ಅಲ್ಲಿದೆ. ನಾಲ್ಕೈದು ಕಾಳು ತಿಂದರೂ ಸಾಕು, ಎರಡು ಮೂರು ಗಂಟೆಯಲ್ಲಿ ವಾಂತಿ ಶುರು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ ಅನ್ನುತ್ತದೆ ಇಲ್ಲಿನ ಸರ್ಕಾರದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ. ನಾನು ಡಬ್ಬಿ ರಾಜ್ಮಾ ತಂದುಬಿಡುತ್ತೇನೆ. ಅದು ಮೊದಲೇ ಬೆಂದಿರುತ್ತೆ.

ಮಾಂಸ ತಿನ್ನುವವರಾದರೆ ಈ ಪಾತ್ರೆ ಕೊಂಡ ದುಡ್ಡು ಒಂದೇ ತಿಂಗಳಲ್ಲಿ ವಸೂಲಿ. ನಮ್ಮ ಮನೆಯಲ್ಲಿ ಅದು ಉಳಿದುಕೊಂಡಿರುವುದೇ ಮಟನ್ ಸಾರಿನಿಂದ. ಇಲ್ಲಿ ಸಿಗುವ ಮೇಕೆ ಮಾಂಸ ಎಷ್ಟೋ ಸಲ ಬಲಿತದ್ದು. ಪ್ರೆಶರ್ ಕುಕರಿನಲ್ಲಿ ಒಂದು ವಿಷಲ್ ಕಡಿಮೆಯಾದರೆ ರಬ್ಬರ್, ಒಂದು ಹೆಚ್ಚಾದರೆ ಎಳೆ ಎಳೆ. ಸ್ಲೋ ಕುಕರಿನಲ್ಲಿ ಮೂಳೆ ಸುತ್ತಲಿನ ನರ, ಪೊರೆ ಎಲ್ಲ ನಿಧಾನಕ್ಕೆ ಕರಗಿ ಸಾರಿಗೆ ಇಳಿಯುತ್ತೆ. ಸಾರು ತುಟಿಗೆ ಅಂಟುತ್ತೆ, ಗೊತ್ತಲ್ವಾ, ಹಾಗೆ. ತೊಡೆ, ಭುಜದ ಮೂಳೆ ತುಂಡು ತಗೊಳ್ಳಿ.

ಆದರೆ ಇಲ್ಲೇ ಎಲ್ಲರೂ ಎಡವುವುದು. ಇಲ್ಲಿನವರು ಹಸಿ ಈರುಳ್ಳಿ, ಹಸಿ ಮಾಂಸ, ಪುಡಿ ಎಲ್ಲ ಸುರಿದು ಹೋಗುತ್ತಾರೆ, ನಾವೂ ಹಾಗೇ ಮಾಡೋಣ ಅಂತ ಹೊರಟರೆ ಸಾರು ಹಸಿ ಹಸಿ ಹೊಡೆಯುತ್ತೆ. ಮುಚ್ಚಳ ಬಿಗಿಯಾಗಿ ಕೂತಿರುತ್ತೆ, ಒಳಗಿನ ವಾಸನೆ ಒಳಗೇ. ಬೆಳ್ಳುಳ್ಳಿ, ಶುಂಠಿ, ಧನಿಯಾಪುಡಿಯ ಹಸಿ ವಾಸನೆ ಎಂಟು ಗಂಟೆಯಾದರೂ ಹೋಗಲ್ಲ. ಆ ಬಿಸಿಗೆ ಏನೂ ಕೆಂಪಗಾಗುವುದೂ ಇಲ್ಲ. ನಾನು ಹಿಂದಿನ ರಾತ್ರಿಯೇ ಈರುಳ್ಳಿ, ಚಕ್ಕೆ, ಲವಂಗ, ಶುಂಠಿ ಬೆಳ್ಳುಳ್ಳಿ, ಖಾರದಪುಡಿ, ಧನಿಯಾಪುಡಿ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ ಫ್ರಿಜ್‌ನಲ್ಲಿ ಇಡುತ್ತೇನೆ. ಮಾಂಸ ಬೇರೆ ಡಬ್ಬಿಯಲ್ಲಿ. ಬೆಳಿಗ್ಗೆ ಎರಡನ್ನೂ ಪಾತ್ರೆಗೆ ಹಾಕಿ, ಅರಿಸಿನ, ಉಪ್ಪು, ಬಿಸಿನೀರು ಹಾಕಿ ಲೋ ಮೇಲೆ ಎಂಟು ಗಂಟೆ. ನೀರು ನೀವು ಒಲೆ ಮೇಲೆ ಹಾಕುವುದರಲ್ಲಿ ಅರ್ಧ ಸಾಕು, ಆವಿಯಾಗಿ ಹೋಗುವುದು ಬಹಳ ಕಡಿಮೆ. ಸಂಜೆ ಬಂದ ತಕ್ಷಣ ಕಾಯಿ, ಗಸಗಸೆ, ಹುರಿಗಡಲೆ ರುಬ್ಬಿ ಹಾಕಿ, ಹೈಗೆ ತಿರುಗಿಸಿ ಅರ್ಧ ಗಂಟೆ. ಕಾಯಿಯನ್ನು ಬೆಳಿಗ್ಗೆಯೇ ಹಾಕಿದರೆ ಒಡೆದು ಎಣ್ಣೆ ಒಂದು ಕಡೆ, ಚರಟ ಒಂದು ಕಡೆ ಆಗುತ್ತೆ. ಮೊಸರು, ಹಾಲು ಕೂಡ ಕೊನೆಯಲ್ಲೇ.

ಕೋಳಿಗೆ ಇಷ್ಟು ಹೊತ್ತು ಬೇಡ. ತೊಡೆ ತುಂಡು ಲೋ ಮೇಲೆ ಐದು ಗಂಟೆ. ಎದೆ ಭಾಗ ಹಾಕಿದರೆ ನಾರು ಜಗಿದ ಹಾಗಿರುತ್ತೆ.

ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೇ ಹಾಕಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೆಳೆಯುತ್ತವೆ, ಹೆಪ್ಪುಗಟ್ಟಿದ ಮಾಂಸ ಆ ನಡುವಿನಲ್ಲಿ ಗಂಟೆಗಟ್ಟಲೆ ಕೂರುತ್ತೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ನಾಲ್ಕು ಜನಕ್ಕೆ 6 ಕ್ವಾರ್ಟಿನದು, ಅಂದರೆ ಸುಮಾರು ಐದೂವರೆ ಲೀಟರಿನದು ಸರಿ. ಉಳಿದ ಸಾರನ್ನು ಮಾರನೆಯ ದಿನ ಇದರಲ್ಲಿ ಬಿಸಿ ಮಾಡಬೇಡಿ, ಒಲೆ ಮೇಲೆ ಕುದಿಸಿ.

ನನ್ನ ಮೊದಲ ಪಾತ್ರೆ ಒಡೆದದ್ದು ಹೇಗೆ ಗೊತ್ತಾ? ಬೆಳಿಗ್ಗೆ ಸಮಯ ಉಳಿಸೋಣ ಅಂತ ರಾತ್ರಿಯೇ ಎಲ್ಲ ತುಂಬಿ, ಪಿಂಗಾಣಿ ಪಾತ್ರೆಯನ್ನೇ ಫ್ರಿಜ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಅದರ ಮೇಲೆ ಕುದಿಯುವ ನೀರು ಹೊಯ್ದೆ. ಟಪ್ ಅಂತ ಸದ್ದು. ಮೇಲಿಂದ ಕೆಳಗೆ ಒಂದು ಬಿರುಕು, ಮಸಾಲೆ ನೀರೆಲ್ಲ ಕಟ್ಟೆ ಮೇಲೆ. ಆಮೇಲೆ ಹೊಸದು ತಗೊಂಡೆ, ಟೈಮರ್ ಇರುವುದು. ಎಂಟು ಗಂಟೆ ಆದ ಮೇಲೆ ತಾನೇ ಬೆಚ್ಚಗಿಡುವ ಕಡೆಗೆ ತಿರುಗುತ್ತೆ. ಆಫೀಸಿನಲ್ಲಿ ಮೀಟಿಂಗ್ ಎಳೆದರೂ ಚಿಂತೆಯಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ, ಸ್ವಲ್ಪ ದುಬಾರಿಯಾದರೂ. ಒಂದು ದಿನ ಬಂದಾಗ ಅಡುಗೆಮನೆಯ ಗಡಿಯಾರಗಳೆಲ್ಲ ಹನ್ನೆರಡು ಅಂತ ಮಿನುಗುತ್ತಿದ್ದವು. ಮಧ್ಯಾಹ್ನ ಕರೆಂಟ್ ಹೋಗಿ ಬಂದಿದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಎರಡು ಪೌಂಡ್ ಮಟನ್ ಕಸಕ್ಕೆ ಹೋಯಿತು. ಹೊಟ್ಟೆ ಉರಿಯಿತು, ಆದರೆ ಬೆಂದ ಹಾಗೆ ಕಂಡರೂ ಅಂಥದ್ದನ್ನು ತಿನ್ನಬಾರದು.

ಮನೆಯಲ್ಲಿ ಈಗಾಗಲೇ ಮಲ್ಟಿ ಕುಕರ್ ಇದ್ದು, ಅದರಲ್ಲಿ ಸ್ಲೋ ಅಂತ ಒಂದು ಗುಂಡಿ ಇದ್ದರೆ ಮೊದಲು ಅದರಲ್ಲೇ ಮಾಡಿ ನೋಡಿ. ಅದರಲ್ಲಿ ಬಿಸಿ ಬರುವುದು ತಳದಿಂದ ಮಾತ್ರ. ಸ್ಲೋ ಕುಕರಿನಲ್ಲಿ ಸುತ್ತಲಿಂದ. ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕಾಗುತ್ತೆ, ಆದರೆ ನಿಮಗೆ ಇದು ಹಿಡಿಸುತ್ತೋ ಇಲ್ಲವೋ ಖರ್ಚಿಲ್ಲದೆ ತಿಳಿಯುತ್ತೆ.

ಊರಿಗೆ ಒಯ್ಯುವ ಆಸೆ ಬೇಡ. ಚಿಕ್ಕಪ್ಪನ ಮಗ ಒಂದು ತಂದುಕೊಡು ಅಂತ ಹಟ ಹಿಡಿದಿದ್ದ. ಇಲ್ಲಿನದು 120 ವೋಲ್ಟಿಗೆ ಮಾಡಿದ್ದು, ಅಲ್ಲಿ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತೆ. ಜೊತೆಗೆ ಅಷ್ಟೇ ತೂಕದ ಟ್ರಾನ್ಸ್‌ಫಾರ್ಮರ್ ಹೊರಬೇಕು.

ಹೋದ ವರ್ಷ ಅವ್ವ ಬಂದು ಆರು ತಿಂಗಳಿದ್ದಳು. ಮೊದಲ ದಿನ ಗಾಜಿನ ಮುಚ್ಚಳದೊಳಗೆ ಬಗ್ಗಿ ನೋಡಿ, "ಏನ್ಲಾ ಇದು, ಕಾಳು ಬೇಯಿಸ್ತಿದ್ದೀಯೋ ನೆನೆ ಹಾಕಿದ್ದೀಯೋ?" ಅಂದಳು. ಗುಳುಗುಳು ಅನ್ನಲ್ಲ, ವಿಷಲ್ ಹೊಡೆಯಲ್ಲ, ಅವಳಿಗೆ ನಂಬಿಕೆಯೇ ಇಲ್ಲ. ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ಸೌಟು ಆಡಿಸುವುದು. ಒಂದು ಸಲ ತೆಗೆದರೆ ಹೋದ ಬಿಸಿ ವಾಪಸು ಬರಲು ಇಪ್ಪತ್ತು ನಿಮಿಷ ಬೇಕು ಅಂತ ಹೇಳಿದರೆ ಕೇಳುತ್ತಾಳೆಯೇ? ಅವತ್ತು ಊಟ ಒಂಬತ್ತು ಗಂಟೆಗೆ. ಮಟನ್ ಸಾರು ತಿಂದು, "ಚೆನ್ನಾಗೈತೆ, ಆದರೆ ಕರೆಂಟು ದಂಡ" ಅಂದಳು. ಎಂಟು ಗಂಟೆಗೆ ಹೆಚ್ಚೆಂದರೆ ಎರಡು ಯೂನಿಟ್ ಅಂತ ಲೆಕ್ಕ ತೋರಿಸಿದೆ. ಒಪ್ಪಲಿಲ್ಲ.

ಅವಳು ಒಪ್ಪಿದ್ದು ತುಪ್ಪಕ್ಕೆ. ಒಂದು ಶನಿವಾರ ಉಪ್ಪಿಲ್ಲದ ಬೆಣ್ಣೆ ಎರಡು ಪೌಂಡ್ ಹಾಕಿ, ಹೈ ಮೇಲಿಟ್ಟು, ಹಬೆ ಹೋಗಲಿ ಅಂತ ಮುಚ್ಚಳದ ಕೆಳಗೆ ಮರದ ಸೌಟು ಅಡ್ಡ ಇಟ್ಟೆ. ಸುಮಾರು ನಾಲ್ಕು ಗಂಟೆ. ಉಕ್ಕಲಿಲ್ಲ, ತಳ ಹಿಡಿಯಲಿಲ್ಲ. ಚರಟ ಹೊಂಬಣ್ಣಕ್ಕೆ ತಿರುಗಿದಾಗ ಅವಳೇ ಫ್ರೀಜರಿನಿಂದ ಒಂದು ಹಿಡಿ ನುಗ್ಗೆಸೊಪ್ಪು ತಂದು, ನೀರು ಒರೆಸಿ ಹಾಕಿದಳು. ಮನೆಯೆಲ್ಲ ಘಮ. ಆಮೇಲೆ ಊರಿಗೆ ಹೋಗುವ ತನಕ ಪ್ರತಿ ತಿಂಗಳು ತುಪ್ಪ ಕಾಯಿಸುವ ದಿನ ಆ ಕುಕರ್ ಅವಳದ್ದು, ನಾವು ಮುಟ್ಟುವ ಹಾಗಿರಲಿಲ್ಲ.

ನೀವು ಕೊಂಡರೆ ಮೊದಲ ಸಲ ಸೋಮವಾರ ಬೆಳಿಗ್ಗೆ ಇಟ್ಟು ಓಡಬೇಡಿ. ಮನೆಯಲ್ಲಿರುವ ಒಂದು ಶನಿವಾರ ಹುರುಳಿಕಾಳೋ ಕಡಲೆಕಾಳೋ ಹಾಕಿ ನೋಡಿ. ನಿಮ್ಮ ಕುಕರ್ ಎಷ್ಟು ಹೊತ್ತಿಗೆ ಬೇಯಿಸುತ್ತೆ, ನಿಮ್ಮ ಊರಿನ ನೀರು ಎಷ್ಟು ಗಡಸು ಅಂತ ಗೊತ್ತಾಗುತ್ತೆ. ಗಡಸು ನೀರಾದರೆ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿ. ಹುಣಸೆಹಣ್ಣು ಮಾತ್ರ ಸಂಜೆಯ ತನಕ ಡಬ್ಬಿಯಲ್ಲೇ ಇರಲಿ.