ರಜೆಗೆ ಬಂದ ಮಗ ಮಾತೇ ಆಡಲ್ಲ ಅಂದವರಿಗೆ
ಹೆಚ್ಚಾಗಿ ಇದು ಪರೀಕ್ಷೆ ದಿನಗಳಲ್ಲಿ ಬಿಟ್ಟ ನಿದ್ದೆಯ ಬಾಕಿ, ನಿಮ್ಮ ಮೇಲಿನ ಮುನಿಸಲ್ಲ. ಹಾಸ್ಟೆಲ್‌ನಿಂದ ದಾವಣಗೆರೆಗೆ ಬಂದು ಮೂರು ದಿನವಾದರೂ ಮಧ್ಯಾಹ್ನದವರೆಗೆ ಮಲಗುತ್ತಾನೆ, ಮಾತಿಲ್ಲ ಅಂದಿರಿ ಅಲ್ವಾ? ಇನ್ನೆರಡು ದಿನ ಸುಮ್ನೆ ಮಲಗಲು ಬಿಡಿ, ಮಾರ್ಕ್ಸ್ ಕೇಳಬೇಡಿ. ಆಮೇಲೆ ದಿನಾ ಅರ್ಧ ಗಂಟೆ ಬೇಗ ಎಬ್ಬಿಸಿ, ಕಿಟಕಿ ತೆರೆದು ಬೆಳಕು ಬಿಡಿ.

ಸಂಜೆ ಕುಂದವಾಡ ಕೆರೆ ಕಡೆ ಜೊತೆಗೆ ನಡೆಯಿರಿ. ಎದುರು ಕೂತರೆ ಬಾಯಿ ಬಿಡದ ಮಕ್ಕಳು ಪಕ್ಕದಲ್ಲಿ ನಡೆಯುವಾಗ ಮಾತಾಡುತ್ತಾರೆ. ನನ್ನ ಮಗಳು ಮಂಡಕ್ಕಿ ಪೊಟ್ಟಣ ಬಿಚ್ಚಿ, ಮಿರ್ಚಿ ಮುರಿದು ಅರ್ಧ ನನ್ನ ಕೈಗಿಟ್ಟು, "ಅಮ್ಮಾ, ಒಂದು ಪೇಪರ್ ಹೋಯ್ತು" ಅಂದಳು.

ನಿದ್ದೆಯೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಎರಡು ವಾರವಾದರೂ ಊಟ, ಗೆಳೆಯರು ಯಾವುದೂ ಬೇಡ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.