ದಿಮ್ಮಿ ಇಳಿದರೆ ಮರ ಇಳಿದಂತಲ್ಲ

ಪ್ರಶ್ನೆ: 1990ರಿಂದೀಚೆಗೆ ಚೀನಾ ಮತ್ತು ಜಪಾನ್ ಆಮದು ಮಾಡಿಕೊಂಡ ಮರದ ಉತ್ಪನ್ನಗಳನ್ನು ಪ್ರಾಜೆಕ್ಟಿಗಾಗಿ ಹೋಲಿಸುತ್ತಿದ್ದೇನೆ. ಡಾಲರ್ ಲೆಕ್ಕದ ಗ್ರಾಫ್ ಒಂದು ಹೇಳುತ್ತದೆ, ದಿಮ್ಮಿಗಳ ಘನ ಮೀಟರ್ ಲೆಕ್ಕ ಇನ್ನೊಂದು. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಹಾಗೇ ನಂಬಬೇಡಿ. ಡಾಲರ್ ಗೆರೆಯಲ್ಲಿ ಮರಕ್ಕಿಂತ ಬೆಲೆಯ ಕುಣಿತವೇ ಜಾಸ್ತಿ. 2021ರ ಮೇನಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಸಾವಿರ ಬೋರ್ಡ್ ಫುಟ್ (ಅಲ್ಲಿ ಹಲಗೆ ಅಳೆಯುವ ಮಾನ) ಹಲಗೆ 1,600 ಡಾಲರ್ ದಾಟಿತ್ತು. ಜಪಾನಿನವರು ಆ ವರ್ಷದ ಪರದಾಟಕ್ಕೆ ‘ವುಡ್ ಶಾಕ್’ ಎಂದೇ ಹೆಸರಿಟ್ಟರು. ಅಂಥ ವರ್ಷ ಒಂದು ಹಲಗೆಯೂ ಹೆಚ್ಚಿಗೆ ಬಾರದೆ ಗೆರೆ ನೆಗೆಯಬಹುದು. ಆಮದು ಮೌಲ್ಯದಲ್ಲಿ ಹಡಗಿನ ಬಾಡಿಗೆಯೂ ಸೇರಿರುತ್ತದೆ ಅನ್ನುವುದು ನೆನಪಿರಲಿ.

ದಿಮ್ಮಿಯ ಲೆಕ್ಕ ದಾರಿ ತಪ್ಪಿಸುವುದು ಬೇರೆ ಥರ. 1985ರಲ್ಲಿ ಇಂಡೊನೇಷ್ಯಾ ದಿಮ್ಮಿ ರಫ್ತು ನಿಲ್ಲಿಸಿತು. ಅಲ್ಲಿನ ಕಾಡಿನ ಮರ ಜಪಾನಿಗೆ ಬರುವುದು ನಿಲ್ಲಲಿಲ್ಲ, ಪ್ಲೈವುಡ್ ಆಗಿ ಬಂತು. ಚೀನಾದ ಕಥೆ 1998ರ ಯಾಂಗ್ಟ್ಸೆ ಪ್ರವಾಹದಿಂದ ಶುರು. ಆಮೇಲೆ ಸ್ವಾಭಾವಿಕ ಕಾಡು ಕಡಿಯುವುದಕ್ಕೆ ಕಡಿವಾಣ ಬಿತ್ತು, ರಷ್ಯಾದಿಂದ ದಿಮ್ಮಿಗಳ ಹೊಳೆ ಹರಿಯಿತು. ರಷ್ಯಾ 2008ರಲ್ಲಿ ದಿಮ್ಮಿ ರಫ್ತಿನ ಸುಂಕವನ್ನು ಶೇ 25ಕ್ಕೆ ಏರಿಸಿ, 2022ರಿಂದ ಸಂಸ್ಕರಿಸದ ಸೂಚಿಪರ್ಣಿ (ಪೈನ್‌ನಂಥ ಸೂಜಿ ಎಲೆಯ ಮರಗಳ) ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. ಮರ ಅಲ್ಲೇ ಸೀಳಿಸಿಕೊಂಡು ಹಲಗೆಯಾಗಿ ಬರತೊಡಗಿತು. ನಿಮ್ಮ ಗ್ರಾಫಿನಲ್ಲಿ ದಿಮ್ಮಿ ಗೆರೆ ಜಾರಿದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಎಲ್ಲವನ್ನೂ ದುಂಡುಮರದ ಲೆಕ್ಕಕ್ಕೆ ತನ್ನಿ. ಒಂದು ಘನ ಮೀಟರ್ ಹಲಗೆಗೆ ಸುಮಾರು 1.8 ಘನ ಮೀಟರ್ ದಿಮ್ಮಿ ಬೇಕು. ಒಂದು ವರ್ಷ 100 ಘನ ಮೀಟರ್ ದಿಮ್ಮಿ ತರಿಸಿದ ದೇಶ ಮರುವರ್ಷ 55 ಘನ ಮೀಟರ್ ಹಲಗೆ ತರಿಸಿದರೆ ಆಮದು ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಕಾಡಿನಲ್ಲಿ ಉರುಳಿದ ಮರ ಹೆಚ್ಚುಕಮ್ಮಿ ಅಷ್ಟೇ.

ಎಚ್‌ಎಸ್ ಕೋಡಿನಲ್ಲಿ (ದೇಶಗಳ ನಡುವೆ ಸಾಗುವ ಸರಕುಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ) ದಿಮ್ಮಿಗೆ 4403, ಹಲಗೆಗೆ 4407, ಪ್ಲೈವುಡ್‌ಗೆ 4412. ಚೀನಾದ ಅಂಕಿಅಂಶ ಈ ಕೋಡಿನಲ್ಲಿ ಸಿಗುವುದು 1992ರಿಂದ. ನೀವೂ ಅಲ್ಲಿಂದಲೇ ಶುರುಮಾಡಿ.

ಘನ ಮೀಟರಿನಲ್ಲೂ ಒಂದು ತಮಾಷೆಯಿದೆ. ಜಪಾನಿನಲ್ಲಿ ಆರು ಮೀಟರಿಗಿಂತ ಗಿಡ್ಡ ದಿಮ್ಮಿಯ ಸಣ್ಣ ತುದಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾರೆ, ದುಂಡುಮರ ಚೌಕದ ತೊಲೆಯೇನೋ ಎಂಬಂತೆ! 30 ಸೆಂಟಿಮೀಟರ್ ವ್ಯಾಸ, 4 ಮೀಟರ್ ಉದ್ದವಾದರೆ 0.36 ಘನ ಮೀಟರ್. ಅದೇ ವ್ಯಾಸದ ಸಿಲಿಂಡರ್ ಎಂದುಕೊಂಡರೆ ಬರುವುದು ಸುಮಾರು 0.28. ಬುಡದ ಕಡೆ ದಪ್ಪವಾಗುವ ಮರ ಈ ವ್ಯತ್ಯಾಸವನ್ನು ಒಂದಿಷ್ಟು ತುಂಬಿಕೊಡುತ್ತದೆ. ಅಳೆಯುವ ರೀತಿಯೇ ಬೇರೆಯಿರಬಹುದಾದ್ದರಿಂದ, ಕಳಿಸಿದ ದೇಶದ ಲೆಕ್ಕಕ್ಕೂ ತರಿಸಿಕೊಂಡ ದೇಶದ ಲೆಕ್ಕಕ್ಕೂ ತಾಳೆಯಾಗದಿದ್ದರೆ ಕೂಡಲೇ ಕಳ್ಳಸಾಗಣೆ ಅಂದುಕೊಳ್ಳಬೇಡಿ.

ಜಪಾನಿನ ಇಳಿಕೆಗೆ ಇನ್ನೊಂದು ಕಾರಣವೂ ಇದೆ, ಇದು ನಿಜವಾದ ಇಳಿಕೆ. ಎರಡನೇ ಮಹಾಯುದ್ಧದ ನಂತರ ನೆಟ್ಟ ಸುಗಿ, ಹಿನೋಕಿ ಎಂಬ ಸೂಚಿಪರ್ಣಿ ಮರಗಳ ತೋಪುಗಳು ಈಗ ಕಟಾವಿಗೆ ಬಂದಿವೆ. 2002ರಲ್ಲಿ ಶೇ 19ರ ಆಸುಪಾಸಿಗೆ ಕುಸಿದಿದ್ದ ಮರದ ಸ್ವಾವಲಂಬನೆ (ಬಳಸುವ ಮರದಲ್ಲಿ ಸ್ವದೇಶದ್ದರ ಪಾಲು) 2020ರಲ್ಲಿ ಶೇ 40 ದಾಟಿತು.

ಕೊನೆಗೆ, ಎರಡು ದೇಶಗಳ ಗೆರೆಗಳನ್ನು ಕೂಡಿಸಲು ಹೋಗಬೇಡಿ. ಚೀನಾಕ್ಕೆ ದಿಮ್ಮಿಯಾಗಿ ಬಂದ ಮರ ಕುರ್ಚಿ, ಕಪಾಟುಗಳಾಗಿ ಜಪಾನಿಗೂ ಹೋಗುತ್ತದೆ. ಅದು ಎಚ್‌ಎಸ್ ಕೋಡಿನಲ್ಲಿ ಮರದ 44ನೇ ಅಧ್ಯಾಯ ಬಿಟ್ಟು ಪೀಠೋಪಕರಣದ 94ರಲ್ಲಿ ಕೂತಿರುತ್ತದೆ. ಪೀಠೋಪಕರಣವನ್ನೂ ಸೇರಿಸುವುದಾದರೆ ಅದಕ್ಕೆ ಬೇರೆ ಬಣ್ಣದ ಗೆರೆ ಎಳೆಯಿರಿ, ಇಲ್ಲದಿದ್ದರೆ ಒಂದೇ ಮರವನ್ನು ಎರಡು ಸಲ ಎಣಿಸಿರುತ್ತೀರಿ.